ನಾವು ಹೋಗದ ಕಡೆ

ವ್ಯಾಂಕೂವರ್ ದ್ವೀಪದ ಪಡುದಂಡೆಯ ನಮ್ಮೂರಲ್ಲಿ ಯಾರಾದರೂ ಸತ್ತರೆ ಅವರ ಹೆಸರನ್ನೂ ಎತ್ತಿಡುತ್ತೇವೆ. ಅವರ ಬಟ್ಟೆ, ಬಲೆ, ಹಾಡುಗಳ ಜೊತೆಗೆ ಹೆಸರೂ ಒಳಗೆ ಹೋಗುತ್ತದೆ. ಮನೆಯವರು ಊರನ್ನು ಕರೆದು, ಉಣಬಡಿಸಿ, ಎಲ್ಲರ ಎದುರಿಗೆ ಅದನ್ನು ಮತ್ತೆ ಹೊರಗೆ ತರುವವರೆಗೆ ಯಾರ ಬಾಯಲ್ಲೂ ಅದು ಬರುವಂತಿಲ್ಲ. ಸಾಮಾನ್ಯವಾಗಿ ಒಂದೆರಡು ವರ್ಷ ಹೀಗೆ ಕಳೆಯುತ್ತದೆ. ನನ್ನ ಸೋದರಮಾವನ ಹೆಸರು ಒಳಗೆ ಹೋಗಿ ಏಳು ವರ್ಷವಾಗಿತ್ತು.

ಮಾವನ ಹೆಸರಿಗೆ ಇನ್ನೊಂದು ತೊಡಕಿತ್ತು. ಅದು ಒಂದು ಕೊಲ್ಲಿಯ ಹೆಸರೂ ಆಗಿತ್ತು. ಊರಿನ ಉತ್ತರಕ್ಕೆ ಮೂಗಿನಂತೆ ಚಾಚಿದ ಬಂಡೆಯ ಆಚೆ, ನಮ್ಮ ಮನೆತನಕ್ಕೆ ಸೇರಿದ ಸಣ್ಣ ಕೊಲ್ಲಿ. ಅದರ ಒಡೆತನ ಯಾರಿಗೆ ಬರುತ್ತದೋ ಅವರಿಗೇ ಅದರ ಹೆಸರೂ ಬರುತ್ತದೆ. ಮಾವನ ದೋಣಿ ಮಗುಚಿದ್ದು ಅದರ ಬಾಯಲ್ಲಿ. ಅವನು ಸಿಕ್ಕಿದ್ದು ಅದರ ಮರಳ ಮೇಲೆ. ಹೀಗೆ ಮನುಷ್ಯನ ಜೊತೆ ಜಾಗವೂ ಮಾತಿನಿಂದ ಮರೆಯಾಯಿತು. ಹೆಸರು ಹೇಳಲಾಗದ ಜಾಗಕ್ಕೆ ಹೋಗುವುದಾದರೂ ಹೇಗೆ? ನಮ್ಮಲ್ಲಿ ಪ್ರತಿ ದೋಣಿಯಲ್ಲೂ ಪ್ರತಿ ಅಡುಗೆಮನೆಯಲ್ಲೂ ರೇಡಿಯೋ ಇದೆ. ಕಡಲಿಗಿಳಿದವರು ತಾವು ಎಲ್ಲಿದ್ದೇವೆಂದು ಅದರಲ್ಲಿ ಹೇಳುತ್ತಲೇ ಇರಬೇಕು, ಊರು ಕೇಳುತ್ತಲೇ ಇರುತ್ತದೆ. ಆ ಒಂದು ತಿರುವಿನ ಹತ್ತಿರ ಮಾತ್ರ ಹೇಳಲು ಏನೂ ಇರುತ್ತಿರಲಿಲ್ಲ. ದೋಣಿಗಳು ದೂರದಿಂದಲೇ ಸುತ್ತಿ ಹೋಗುತ್ತಿದ್ದವು. ತೀರಾ ಹೇಳಲೇಬೇಕಾದಾಗ ‘ನಾವು ಹೋಗದ ಕಡೆ’ ಎನ್ನುತ್ತಿದ್ದರು. ನಾನೂ ಆ ಹೆಸರನ್ನು ಇಲ್ಲಿ ಈಗಲೇ ಬರೆಯುವಂತಿಲ್ಲ.

ಏಳು ವರ್ಷ ಎಳೆಯಲು ಕಾರಣ ನನ್ನ ಅಜ್ಜಿ ವಿನಿಫ್ರೆಡ್. ಮಗನನ್ನು ಮಣ್ಣು ಮಾಡಿದ ದಿನ ಅವಳು ಎಲ್ಲರ ಎದುರಿಗೆ, "ಅಂಗಡಿಯಿಂದ ತಂದ ಊಟ ಬಡಿಸಿ ನನ್ನ ಮಗನ ಹೆಸರು ಕರೆಯಲ್ಲ. ಅವನ ಮರಳಿಂದೇ ಮೊಟ್ಟೆ ಬಡಿಸಿ ಕರೀತೀನಿ," ಎಂದುಬಿಟ್ಟಿದ್ದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಹೆರಿಂಗ್ ಮೀನು ದಂಡೆಗೆ ಬಂದು, ನೀರಿನಲ್ಲಿ ನಿಂತ ಕಡಲಬಳ್ಳಿಗಳ ಅಗಲ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಎಲೆಯ ಸಮೇತ ತಿನ್ನುವ ಆ ಮೊಟ್ಟೆಗಿಂತ ದೊಡ್ಡ ಊಟ ನಮಗಿಲ್ಲ. ಅಜ್ಜಿಯ ಅಜ್ಜಿಯ ಕಾಲದಲ್ಲಿ ಆ ಕೊಲ್ಲಿಯ ಮೊಟ್ಟೆ ಇಡೀ ಕರಾವಳಿಯ ಬಾಯಿಗೆ ಬೀಳುತ್ತಿತ್ತಂತೆ. ಆಮೇಲೆ ಬಳ್ಳಿಗಳು ಅಳಿದವು. ತಳದ ತುಂಬ ಕಡಲ ಮುಳ್ಳುಚೆಂಡುಗಳು, ಮೈಯೆಲ್ಲ ಮುಳ್ಳಿರುವ ಚೆಂಡಿನಂಥ ಜೀವಿಗಳು, ಹರಡಿಕೊಂಡು, ಚಿಗುರಿದ್ದನ್ನೆಲ್ಲ ಬುಡಕ್ಕೇ ಕಡಿದು ಹಾಕಿದವು. ಮಾವ ಅಲ್ಲಿ ಮುಳುಗು ಹಾಕಿ ಬಂದ ದಿನಗಳಲ್ಲಿ, "ತಳ ಬೋಳು ಕಣಮ್ಮ, ಬರೀ ಮುಳ್ಳು," ಎನ್ನುತ್ತಿದ್ದ. ಹಾಗಾಗಿ ಅಜ್ಜಿಯ ಮಾತಿನ ಅರ್ಥ ‘ಎಂದೂ ಇಲ್ಲ’ ಎಂದು ಊರಿಗೆ ಗೊತ್ತಿತ್ತು. ಯಾರೂ ಎದುರಾಡಲಿಲ್ಲ. ಅವಳು ಅಡುಗೆಮನೆಯ ಕುರ್ಚಿಯನ್ನು ಉತ್ತರದ ಕಿಟಕಿಗೆ ಬೆನ್ನು ಮಾಡಿ ಇಟ್ಟುಕೊಂಡಳು.

ಆದರೆ ಏಳನೆಯ ವರ್ಷದ ಚಳಿಗಾಲದಲ್ಲಿ ಮಾವನ ಮಗಳು ರೋಸಲೀಗೆ ಗಂಡುಮಗು ಹುಟ್ಟಿತು. ಕಾಗದದ ಮೇಲೆ ಅವನಿಗೊಂದು ಹೆಸರಿತ್ತು, ಯಾರೂ ಅದನ್ನು ಬಳಸುತ್ತಿರಲಿಲ್ಲ. ನಮಗೆಲ್ಲ ಅವನು ಗುಂಡ. ಅವನಿಗೆ ಬರಬೇಕಾದ ಹೆಸರು ಅವನ ಅಜ್ಜನದು, ಅಂದರೆ ಮಾವನದು. ಅದು ಒಳಗಿತ್ತು. ರೋಸಲೀಯ ಗಂಡನ ಕಡೆಯವರು ದಕ್ಷಿಣದ ಊರಿನವರು, ಮರ್ಯಾದಸ್ಥರು. "ಹೆರಿಂಗ್ ಕಾಲ ಮುಗಿಯೋವರೆಗೂ ಕಾಯ್ತೀವಿ. ನಿಮ್ಮ ಕಡೆಯಿಂದ ಹೆಸರು ಬಂದ್ರೆ ಸಂತೋಷ. ಇಲ್ಲಾಂದ್ರೆ ನಮ್ಮ ಮನೆ ಹೆಸರು ಇಡ್ತೀವಿ, ಬೇಜಾರು ಮಾಡ್ಕೋಬೇಡಿ," ಎಂದು ಹೇಳಿ ಕಳಿಸಿದ್ದರು. ಅವರು ಹೆಸರಿಟ್ಟರೆ ಗುಂಡ ಅವರವನಾಗುತ್ತಿದ್ದ. ಕೊಲ್ಲಿಗೆ ವಾರಸುದಾರನಿರುತ್ತಿರಲಿಲ್ಲ, ಮಾವನ ಹೆಸರು ಅಜ್ಜಿಯ ಜೊತೆಗೇ ಮಣ್ಣಿಗೆ ಹೋಗುತ್ತಿತ್ತು. ರೋಸಲೀ ಈ ಮಾತನ್ನು ಅಜ್ಜಿಯ ಮುಂದೆ ಎತ್ತಲಿಲ್ಲ. ಮಗುವನ್ನು ತಂದು ಅವಳ ತೊಡೆಯ ಮೇಲೆ ಮಲಗಿಸಿ, ಒಲೆಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು.

ಹೆರಿಂಗ್ ಬರುವ ದಿನಗಳು. ಒಂದು ಬೆಳಿಗ್ಗೆ ಅಜ್ಜಿಯ ತಮ್ಮ ಕ್ಲಾರೆನ್ಸ್ ತಾತ ಖಾಲಿ ಬಕೆಟ್ಟನ್ನು ಅಡುಗೆಮನೆಯ ನೆಲಕ್ಕೆ ಕುಕ್ಕಿದ.

"ಮುಗೀತು ಅಕ್ಕ. ನಮ್ಮ ಬಂಡೆ ಮೇಲೆ ಒಂದೇ ಒಂದು ಮುಳ್ಳುಚೆಂಡು ಉಳಿದಿಲ್ಲ. ನೆಕ್ಕಿಟ್ಟ ತಟ್ಟೆ ಥರ ಇದೆ."

"ನಿನ್ನ ಕಣ್ಣು ಸರಿಯಿಲ್ಲ ಬಿಡು."

"ಕಣ್ಣು ಸರಿಯಾಗೇ ಇದೆ. ಒಬ್ಬ ರಾಜಕುಮಾರ ನನ್ನೆದುರಿಗೇ ಅಂಗಾತ ಮಲ್ಕೊಂಡು, ಹೊಟ್ಟೆ ಮೇಲೆ ಕಲ್ಲಿಟ್ಕೊಂಡು, ಕೊನೇದನ್ನ ಕುಟ್ಟಿ ಕುಟ್ಟಿ ತಿಂದ. ತಿಂದು ಮೀಸೆ ಒರೆಸ್ಕೊಂಡ. ನಿನಗೊಂದು ಚೂರು ಬೇಕಾ ಅಂತ ಬಾಯಿ ಮಾತಿಗೂ ಕೇಳ್ಲಿಲ್ಲ."

ಕಡಲ ನೀರುನಾಯಿಗಳನ್ನು ಅವನು ರಾಜಕುಮಾರರು ಎಂದೇ ಕರೆಯುತ್ತಿದ್ದ. ತಿನ್ನುವುದು ಒಳ್ಳೆಯದನ್ನೇ, ದುಡಿಮೆಯಿಲ್ಲ, ಮೈಮೇಲೆ ಯಾವಾಗಲೂ ತುಪ್ಪಳದ ಕೋಟು. ಆ ಕೋಟಿಗಾಗಿಯೇ ಹಿಂದೆ ಹಡಗಿನವರು ಬಂದು ಇಡೀ ವ್ಯಾಂಕೂವರ್ ದ್ವೀಪದ ಪಡುಗಡಲಲ್ಲಿ ಒಂದನ್ನೂ ಉಳಿಸದೆ ಹೊಡೆದಿದ್ದರು; ಹೊಡೆದುಕೊಟ್ಟವರಲ್ಲಿ ನಮ್ಮ ಹಿರಿಯರೂ ಇದ್ದರು. ಅಜ್ಜಿ ಹೊಸದಾಗಿ ಮದುವೆಯಾಗಿದ್ದಾಗ ಯಾರೋ ದೂರದ ಉತ್ತರದಿಂದ ಕೆಲವನ್ನು ತಂದು ಮೇಲಿನ ಕರಾವಳಿಯಲ್ಲಿ ಬಿಟ್ಟರಂತೆ. ಅವುಗಳ ಮಕ್ಕಳು ಮೊಮ್ಮಕ್ಕಳು ಒಂದೊಂದೇ ಬಂಡೆ ದಾಟಿ ನಮ್ಮ ನೀರಿಗೆ ಬರುವಷ್ಟರಲ್ಲಿ ಅಜ್ಜಿಯ ತಲೆ ನರೆತಿತ್ತು. ಬಂದವೇ ಮುಳ್ಳುಚೆಂಡುಗಳಿಗೆ ಕೈಹಾಕಿದವು. ಊರಿಗೆ ಸಿಟ್ಟು ಬಂತು. ಮುಳ್ಳುಚೆಂಡು ಒಡೆದು ಒಳಗಿನ ಹಳದಿ ತಿರುಳನ್ನು ಹಸಿಯಾಗಿ ಚಮಚದಲ್ಲಿ ತಿನ್ನುವುದೆಂದರೆ ಅಜ್ಜಿಗೆ ಜೀವ. ಮಗ ಹೋದ ಮೇಲೆ ಅವಳು ಕೇಳಿ ತಿನ್ನುತ್ತಿದ್ದದ್ದು ಅದೊಂದೇ.

ಅವಳು ಬಕೆಟ್ಟಿನ ತಳವನ್ನು ಬಗ್ಗಿ ನೋಡಿದಳು.

"ಓಡಿಸು," ಎಂದಳು.

"ಏನಂದೆ?"

"ಕೊಲ್ಲಬೇಡ. ಓಡಿಸು. ನಮ್ಮ ಬಂಡೆ ಬಿಟ್ಟು ಎಲ್ಲಾದ್ರೂ ಹೋಗ್ಲಿ."

"ಅಧಿಕಾರಿಗಳು ನೋಡಿದ್ರೆ ದಂಡ ಹಾಕ್ತಾರೆ ಅಜ್ಜಿ," ಎಂದೆ ನಾನು.

"ಓಡಿಸೋದಲ್ಲ ಕಣೆ ಜೋಲೀನ್, ದಾರಿ ತೋರಿಸೋದು," ಎಂದ ತಾತ. "ನೀನೂ ಬಾ. ಓದಿದವಳು. ಸಿಕ್ಕಿಬಿದ್ರೆ ಮಾತಾಡೋಕೆ ಒಬ್ರು ಬೇಕು."

"ಇವಳಾ?" ಅಜ್ಜಿ ನಕ್ಕಳು. "ಇವಳು ಬಾಯಿ ಬಿಡೋದು ಹಲ್ಲುಜ್ಜೋಕೆ ಮಾತ್ರ."

ಮಂಜು ನೀರಿಗೆ ತಾಗುವಂತೆ ಇಳಿದಿತ್ತು. ಊರಿನ ಬಂಡೆಯ ಹತ್ತಿರ ಅವು ಒಟ್ಟಾಗಿ ತೇಲುತ್ತಿದ್ದವು. ಎಲ್ಲವೂ ಅಂಗಾತ, ಕಾಲುಗಳನ್ನು ಮೇಲಕ್ಕೆ ಮಡಚಿಕೊಂಡು, ಊಟವಾದ ಮೇಲೆ ಜಗಲಿಯಲ್ಲಿ ಒರಗಿದ ನೆಂಟರಂತೆ. ತಾಯಂದಿರ ಹೊಟ್ಟೆಯ ಮೇಲೆ ಮರಿಗಳಿದ್ದವು. ತಾತ ಎಂಜಿನ್ ಜೋರು ಮಾಡಿ, "ಏಳಿ ದೊರೆಗಳೇ, ಸವಾರಿ ಹೊರಡ್ಲಿ!" ಎಂದು ಕೂಗಿದ. ಅವು ಗಾಬರಿಯಾಗಲಿಲ್ಲ. ಒಂದೊಂದಾಗಿ ಮುಳುಗಿ, ತುಸು ಮುಂದೆ ಎದ್ದು, ತಿರುಗಿ ನಮ್ಮನ್ನು ನೋಡಿ, ಮತ್ತೆ ಮುಳುಗಿದವು. ಅವುಗಳ ಹಿಂದೆ ನಾವು. ದಂಡೆ ಮಂಜಿನಲ್ಲಿ ಕರಗಿಹೋಯಿತು. ಬಲಕ್ಕೆ ಮೂಗಿನ ಬಂಡೆ ಕಪ್ಪಗೆ ಹಾದುಹೋದದ್ದನ್ನು ನಾನು ಕಂಡೆ. ತಾತ ಕಾಣಲಿಲ್ಲ. ಎಲ್ಲಿಗೆ ಹೋಗುತ್ತಿದ್ದೇವೆಂದು ಹೇಳಬೇಕೆನಿಸಿತು. ಹೇಳಲು ಹೆಸರಿರಲಿಲ್ಲ.

ಎಂಜಿನ್ ಒಮ್ಮೆ ನರಳಿ ನಿಂತುಬಿಟ್ಟಿತು.

ಅಷ್ಟು ಮೌನದಲ್ಲಿ ಮೊದಲು ಕೇಳಿಸಿದ್ದು ಮಳೆ. ಕೈಚಾಚಿದೆ, ಮಳೆಯಿರಲಿಲ್ಲ. ನೀರಿನ ಮೈಯೆಲ್ಲ ಸಣ್ಣ ಬಾಲಗಳು ಬಡಿಯುತ್ತಿದ್ದವು. ಎಲ್ಲೋ ಕಲ್ಲಿಗೆ ಚಿಪ್ಪು ಕುಟ್ಟುವ ಸದ್ದು. ಇನ್ನೆಲ್ಲೋ ದೊಡ್ಡದೊಂದು ಜೀವ ಉಸಿರು ಬಿಟ್ಟಿತು, ಬಾಗಿಲು ತೆರೆದ ಹಾಗೆ. ತಾತ ಚಾಕು ಹಿಡಿದು ಎಂಜಿನ್ನಿನ ಪಂಖದ ಮೇಲೆ ಬಾಗಿ, ಸುತ್ತಿಕೊಂಡಿದ್ದ ಬಳ್ಳಿಯನ್ನು ಬೈಯುತ್ತ ಎಳೆಯುತ್ತಿದ್ದ. ಬೈಗುಳ ನಡುವೆಯೇ ನಿಂತಿತು. ಅವನ ಕೈಯಲ್ಲಿ ಅಂಗೈಗಿಂತ ಅಗಲವಾದ ಕಂದು ಎಲೆಯಿತ್ತು. ಅದರ ಎರಡೂ ಬದಿಗೆ ಸಬ್ಬಕ್ಕಿ ಮೆತ್ತಿದಂತೆ ಒತ್ತೊತ್ತಾಗಿ ಮೊಟ್ಟೆ.

ಮಂಜು ಸ್ವಲ್ಪ ಎದ್ದಿತು. ಕೊಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ಬಳ್ಳಿಗಳ ತಲೆಗಳು ಚಾಪೆ ಹಾಸಿದಂತೆ ತೇಲುತ್ತಿದ್ದವು. ನಡುನಡುವೆ ನೀರು ಗಂಡು ಹೆರಿಂಗ್ ಬಿಟ್ಟ ರೇತಸ್ಸಿನಿಂದ ಹಾಲು ಬೆರೆಸಿದಷ್ಟು ಬೆಳ್ಳಗಿತ್ತು. ಬಗ್ಗಿ ನೋಡಿದರೆ ಬಳ್ಳಿಗಳ ಕಾಂಡಗಳು ಕತ್ತಲೆಗೆ ಇಳಿದಿದ್ದವು, ಅವುಗಳ ನಡುವೆ ಕೆಂಪು ಬಂಡೆಮೀನುಗಳು ಸ್ವಂತ ಬೀದಿಯಲ್ಲಿ ನಡೆಯುವವರಂತೆ ನಿಧಾನವಾಗಿ ತಿರುಗುತ್ತಿದ್ದವು. ದಂಡೆಯ ಮರಗಳ ಮೇಲೆ ಬಿಳಿತಲೆ ಹದ್ದುಗಳು, ಬಂಡೆಗಳ ಮೇಲೆ ಕಡಲಸಿಂಹಗಳು. ನಾವು ಓಡಿಸಿಕೊಂಡು ಬಂದ ನೀರುನಾಯಿಗಳು ನಮ್ಮ ಗೊಡವೆಯೇ ಇಲ್ಲದೆ ಬಳ್ಳಿಯನ್ನು ಮೈಗೆ ಸುತ್ತಿಕೊಂಡು ನಿದ್ದೆಗೆ ಸಿದ್ಧವಾಗುತ್ತಿದ್ದವು. ಒಬ್ಬ ತಾಯಿ ಮರಿಗೂ ಎರಡು ಸುತ್ತು ಸುತ್ತಿ, ಅದು ತೇಲಿಹೋಗದಂತೆ ಕಟ್ಟಿದಳು. ಅವು ದಿನವೂ ಮಲಗಲು ಬರುತ್ತಿದ್ದ ಮನೆ ಇದು. ಊರಿನ ಬಂಡೆಯನ್ನು ಮುಟ್ಟುವುದಕ್ಕೆ ಎಷ್ಟೋ ಮೊದಲೇ ಇಲ್ಲಿನ ಮುಳ್ಳನ್ನು ತಿಂದು ಮುಗಿಸಿದ್ದವು. ಮುಳ್ಳು ಹೋದ ನೆಲದಲ್ಲಿ ಬಳ್ಳಿ ಎದ್ದಿತ್ತು. ಬಳ್ಳಿಯನ್ನು ಹುಡುಕಿಕೊಂಡು ಮೀನು ಬಂದಿತ್ತು. ಇದು ಹೀಗಾಗುತ್ತದೆಂದು ನಾನು ಪುಸ್ತಕಗಳಲ್ಲಿ ಓದಿದವಳು. ಆದರೆ ಮಾತಿನಲ್ಲಿಲ್ಲದ ಜಾಗವನ್ನು ನಾನು ಯೋಚನೆಯಿಂದಲೂ ಬಿಟ್ಟುಬಿಟ್ಟಿದ್ದೆ. ಬೇರೆಯವರೂ ಅಷ್ಟೇ.

ತಾತ ಟೋಪಿ ತೆಗೆದ.

"ಎಲ್ಲಿದ್ದೀವಿ ಅಂತ ಗೊತ್ತಾಯ್ತಾ?"

"ಗೊತ್ತು."

"ಹ್ಞೂಂ."

ರೇಡಿಯೋ ಕರಕರ ಎಂದಿತು. ಅಂಗಡಿಯ ಮೇಬಲ್. "ಕ್ಲಾರೆನ್ಸ್, ನಿನ್ನ ಎಂಜಿನ್ ಸದ್ದು ನಿಂತುಹೋಯ್ತಲ್ಲ. ಎಲ್ಲಿದ್ದೀಯ?"

ತಾತ ಮೈಕು ಹಿಡಿದು ನನ್ನ ಮುಖ ನೋಡಿದ. "ಇಲ್ಲೇ."

"ಇಲ್ಲೇ ಅಂದ್ರೆ ಎಲ್ಲಿ?"

"ಇಲ್ಲೇ ಅಂದ್ರೆ ಇಲ್ಲೇ."

"ಕುಡಿದಿದ್ದೀಯಾ?"

"ಕುಡಿದಿದ್ರೆ ಎಲ್ಲಿ ಅಂತ ಹೇಳ್ತಿರ್ಲಿಲ್ವಾ!" ಎಂದು ಮೈಕು ಇಟ್ಟುಬಿಟ್ಟ. ಪಂಖದ ಅಲಗು ಮುರಿದಿತ್ತು; ನಾವಿಬ್ಬರೂ ಹುಟ್ಟು ಹಾಕುತ್ತ ಹೊರಬಂದೆವು.

ಅಜ್ಜಿಯ ಮೇಜಿನ ಮೇಲೆ ತಾತ ಆ ಎಲೆಯನ್ನು ಹಾಸಿದ. ಅವಳು ಕನ್ನಡಕ ಹಾಕಿಕೊಂಡು ನೋಡಿ, ಒಂದು ಮೂಲೆ ಮುರಿದು, ಬಾಯಿಯವರೆಗೆ ಒಯ್ದು ನಿಲ್ಲಿಸಿದಳು.

"ಯಾರ ನೀರಿಂದು? ಕೇಳದೆ ತಂದಿದ್ರೆ ನಾನು ತಿನ್ನಲ್ಲ."

"ನಮ್ದೇ."

"ನಮ್ದು ಯಾವುದು?"

ತಾತ ತುಟಿ ಚೂಪು ಮಾಡಿ ಉತ್ತರದ ಕಡೆ ತೋರಿಸಿದ. "ಅದೇ… ನಾವು ಹೋಗದ ಕಡೆ."

"ನೀನು ಹೋಗದ ಕಡೆ ಬೇಕಾದಷ್ಟಿವೆ. ಸ್ನಾನದ ಮನೆ ಒಂದು."

ಯಾರೂ ನಗಲಿಲ್ಲ. ನಗದೇ ಇದ್ದದ್ದರಿಂದಲೇ ಅವಳಿಗೆ ತಿಳಿಯಿತು. ಎಲೆಯ ಚೂರನ್ನು ಕೆಳಗಿಟ್ಟು, ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಸುಳ್ಳು ಹೇಳ್ಬೇಡ ಕ್ಲಾರೆನ್ಸ್. ಬೇರೆ ಏನ್ ಬೇಕಾದ್ರೂ ಸುಳ್ಳು ಹೇಳು. ಇದನ್ನ ಹೇಳ್ಬೇಡ."

"ಅಕ್ಕ, ನಾನು ಹುಟ್ಟಿದಾಗಿಂದ ನಿನಗೆ ಸುಳ್ಳು ಹೇಳ್ತಾನೇ ಬಂದಿದ್ದೀನಿ. ನನ್ನ ಮುಖ ನೋಡು. ಇದು ಸುಳ್ಳು ಹೇಳೋ ಮುಖನಾ?"

ಅವಳು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಒಲೆಯ ಮೇಲೆ ನೀರು ಕುದಿದು ಉಕ್ಕಿತು, ಯಾರೂ ಏಳಲಿಲ್ಲ. ಕೊನೆಗೆ ಅವಳೇ ಎದ್ದು, ಕುರ್ಚಿಯ ಬೆನ್ನು ಹಿಡಿದು, ನೆಲ ಕಿರುಗುಟ್ಟುವಂತೆ ಎಳೆದು, ಉತ್ತರದ ಕಿಟಕಿಗೆ ಮುಖ ಮಾಡಿ ಇಟ್ಟು ಕೂತಳು.

"ನನ್ನ ರಬ್ಬರ್ ಬೂಟು ಎಲ್ಲಿದೆ ನೋಡೇ," ಎಂದಳು. "ರೋಸಲೀಗೆ ಈಗ್ಲೇ ಏನೂ ಹೇಳ್ಬೇಡಿ. ನಾನು ಕಣ್ಣಾರೆ ನೋಡ್ಬೇಕು."

ಮರುದಿನ ಬಿಸಿಲಿತ್ತು. ತಾತ ದೋಣಿಗೆ ಬದಲಿ ಪಂಖ ಹಾಕಿದ್ದ. ಮೂಗಿನ ಬಂಡೆ ಹತ್ತಿರವಾದಂತೆ ಅಜ್ಜಿ ನನ್ನ ತೋಳು ಹಿಡಿದುಕೊಂಡಳು. ಹಿಡಿತ ಬಿಗಿಯಾಗುತ್ತ ಹೋಯಿತು. ತಿರುವಿನಲ್ಲಿ ತಾತ ಎಂಜಿನ್ ಆರಿಸಿ ಹುಟ್ಟು ತೆಗೆದ.

ಅವಳು ನೀರನ್ನು ನೋಡಲಿಲ್ಲ. ಮೊದಲು ಮರಳನ್ನು ನೋಡಿದಳು. ಅಲ್ಲಿ ಕಡಲಕಾಗೆಗಳು ಅಲೆ ತಂದು ಹಾಕಿದ ಎಲೆಗಳಿಂದ ಮೊಟ್ಟೆ ಕುಕ್ಕುತ್ತ ಜಗಳವಾಡುತ್ತಿದ್ದವು. ತಾತ ಹುಟ್ಟನ್ನು ನೀರಿನಿಂದ ಎತ್ತಿ ಹಿಡಿದ. ಹನಿ ಬೀಳುವ ಸದ್ದು ನಿಂತ ಮೇಲೂ ಎತ್ತಿಯೇ ಹಿಡಿದಿದ್ದ. ಮರಳಿನಿಂದ ಅವಳ ಕಣ್ಣು ಮೆಲ್ಲನೆ ನೀರಿಗೆ ಇಳಿಯಿತು. ಬಳ್ಳಿಯಿಂದ ಬಿಡಿಸಿಕೊಂಡ ತಾಯಿ ನೀರುನಾಯಿಯೊಂದು ಹೊಟ್ಟೆಯ ಮೇಲಿನ ಮರಿಯ ತುಪ್ಪಳ ಊದುತ್ತ ನಮ್ಮ ದೋಣಿಯ ಪಕ್ಕಕ್ಕೇ ತೇಲಿಬಂತು. ಊದುವುದನ್ನು ನಿಲ್ಲಿಸಿ ಅಜ್ಜಿಯನ್ನು ನೋಡಿತು.

"ಏನೇ," ಎಂದಳು ಅಜ್ಜಿ. "ನಿನ್ನನ್ನ ಓಡಿಸು ಅಂದವಳು ನಾನೇ."

ಅದು ಮತ್ತೆ ಮರಿಯ ಕಡೆ ತಿರುಗಿತು. ಅಜ್ಜಿ ಕೋಟಿನ ತೋಳು ಮಡಚಿ, ನೀರಿಗೆ ಕೈಹಾಕಿ, ತಾನೇ ಒಂದು ಎಲೆ ಕಿತ್ತಳು. ಅಲ್ಲೇ ಹಸಿಯಾಗಿ ಕಚ್ಚಿದಳು. ಮೊಟ್ಟೆ ಒಡೆಯುವ ಕರಕರ ಸದ್ದು ನನಗೂ ಕೇಳಿಸಿತು. ಅಗಿದಳು, ನುಂಗಿದಳು, ಇನ್ನೊಮ್ಮೆ ಕಚ್ಚಿದಳು.

"ಉಪ್ಪು ಸರಿಯಾಗಿದೆ," ಎಂದಳು.

ತಾತನ ಕಣ್ಣು ತುಂಬಿತ್ತು. ಅವನು ಕೆಮ್ಮಿ ಅದನ್ನು ಮುಚ್ಚಿಕೊಂಡ. "ಸರಿ ಅಕ್ಕ. ಊರಿಗೆ ಹೋಗಿ ಔತಣಕ್ಕೆ ದಿನ ನೋಡೋಣ. ಸಭಾಂಗಣ ಗುಡಿಸ್ಬೇಕು, ಕುರ್ಚಿ ಹಾಕಿಸ್ಬೇಕು…"

"ನಿನ್ನ ಕುರ್ಚಿಗೋಸ್ಕರ ಹೆರಿಂಗ್ ಕಾಯುತ್ತಾ? ಊಟ ಇಲ್ಲಿದೆ. ಇಲ್ಲಿಗೇ ಬರ್ಲಿ. ರೇಡಿಯೋ ಕೊಡು."

"ಅಕ್ಕ." ತಾತ ಮೈಕನ್ನು ಎದೆಗೆ ಒತ್ತಿಕೊಂಡ. "ಊಟಕ್ಕೆ ಕರೆದ್ರೆ ಎಲ್ಲಿಗೆ ಅಂತ ಹೇಳ್ಬೇಕಾಗುತ್ತೆ."

"ಗೊತ್ತು ಕಣೋ ದಡ್ಡ. ಅದಕ್ಕೇ ಕೇಳ್ತಿರೋದು."

ಅವಳು ಗುಂಡಿ ಒತ್ತಿದಳು. "ಎಲ್ಲರೂ ಕೇಳಿಸ್ಕೊಳ್ಳಿ. ವಿನಿಫ್ರೆಡ್ ಮಾತಾಡ್ತಿರೋದು. ಇವತ್ತು ನನ್ನ ಮನೆ ಊಟ. ಮೊಟ್ಟೆ ಬಡಿಸ್ತೀನಿ. ದೊಡ್ಡವರು, ಮಕ್ಕಳು, ಎಲ್ಲರೂ ಬನ್ನಿ."

ಮೇಬಲ್‌ಳ ದನಿ ಬಂತು, ಎಚ್ಚರದಿಂದ. "ಬರ್ತೀವಿ ಅಜ್ಜಿ. ಎಲ್ಲಿಗೆ ಬರ್ಬೇಕು?"

ಅಜ್ಜಿ ಮತ್ತೆ ಗುಂಡಿ ಒತ್ತಿದಳು. ಗುಂಡಿ ಒತ್ತಿಯೇ ಇತ್ತು. ಅವಳ ಉಸಿರು ಆಗ ಊರಿನ ಎಲ್ಲ ಅಡುಗೆಮನೆಗಳಲ್ಲೂ ಕೇಳಿಸುತ್ತಿತ್ತೆಂದು ನನಗೆ ಗೊತ್ತಿತ್ತು. ಒಲೆಗಳ ಮುಂದೆ, ಬಲೆಗಳ ಮುಂದೆ ಎಲ್ಲರೂ ಕೈ ನಿಲ್ಲಿಸಿ ನಿಂತಿರುತ್ತಾರೆ. ಏಳು ವರ್ಷದ ಮೌನ ಆ ಒಂದು ಉಸಿರಿನಲ್ಲಿತ್ತು. ಕೊಲ್ಲಿಯಲ್ಲಿ ಮಾತ್ರ ಬಾಲಗಳು ಬಡಿಯುತ್ತಲೇ ಇದ್ದವು.

"ನಾಸಾಯಿಸ್‌ಗೆ," ಎಂದಳು. "ನಾಸಾಯಿಸ್‌ಗೆ ಬನ್ನಿ."

ನಮ್ಮ ಹಿರಿಯರ ಮಾತಿನಲ್ಲಿ ಬೆಳಗು ಮೊದಲು ಇಳಿಯುವ ಮರಳು ಎಂದು ಅದರ ಅರ್ಥ. ನಾನು ಆ ಪದವನ್ನು ಕೊನೆಯ ಸಲ ಕೇಳಿದ್ದು ಮಾವ ಬದುಕಿದ್ದಾಗ.

ಆಮೇಲೆ ಮೇಬಲ್, ಮೂಗೆಳೆಯುತ್ತ: "ನಾಸಾಯಿಸ್. ಕೇಳಿಸ್ತು ಅಜ್ಜಿ." ಅವಳ ಹಿಂದೆಯೇ ದೋಣಿಕಟ್ಟೆಯಿಂದ ಒಂದು ಗಂಡು ದನಿ: "ನಾಸಾಯಿಸ್. ಕೇಳಿಸ್ತು." ಮತ್ತೊಂದು ಮನೆ. ಮತ್ತೊಂದು. ಕಡಲಿನ ನಡುವೆ ಎಲ್ಲೋ ಇದ್ದ ದೋಣಿಯೊಂದು. ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಿದ್ದರು, ಎಷ್ಟೋ ದಿನದಿಂದ ಬಾಯಲ್ಲಿಟ್ಟುಕೊಂಡವರಂತೆ. ಕೊನೆಗೆ ದೂರದಿಂದ, ಗಾಳಿಯಲ್ಲಿ ಹರಿದಂತೆ, ದಕ್ಷಿಣದ ಊರಿನಿಂದ ರೋಸಲೀಯ ಅತ್ತೆ: "ನಾವೂ ಕೇಳಿಸ್ಕೊಂಡ್ವಿ ಅಮ್ಮ. ನಾವೇ ಸಾಕ್ಷಿ. ಮಗುವಿಗೆ ನಮ್ಮ ಕಡೆಯಿಂದ ಕಂಬಳಿ ತರ್ತೀವಿ. ಹೆಸರು ನಿಮ್ದೇ ಇರ್ಲಿ."

ಎಲ್ಲರದ್ದೂ ಮುಗಿದ ಮೇಲೆ ರೇಡಿಯೋದಲ್ಲಿ ರೋಸಲೀ ಬಂದಳು. ಅವಳ ದನಿಯ ಹಿಂದೆ ಮಗುವಿನ ಗುರುಗುರು ಕೇಳುತ್ತಿತ್ತು.

"ಅಜ್ಜಿ, ಅಪ್ಪನ ಹೆಸರು ಇನ್ನೊಂದ್ಸಲ ಹೇಳು. ರೇಡಿಯೋನ ಅವನ ಕಿವಿ ಹತ್ರ ಹಿಡಿದಿದ್ದೀನಿ."

ಅಜ್ಜಿ ಹೇಳಿದಳು. ಈ ಸಲ ತಡೆಯಲಿಲ್ಲ. ಮೆತ್ತಗೆ, ತೊಡೆಯ ಮೇಲಿನ ಮಗುವಿಗೆ ಹೇಳುವಂತೆ. ಆಮೇಲೆ ಗಟ್ಟಿಯಾಗಿ, ಹದ್ದುಗಳು ಮರದಿಂದ ಏಳುವಂತೆ, ರೇಡಿಯೋ ಇಲ್ಲದೆ, ಕೊಲ್ಲಿಗೇ ಕೂಗಿ ಹೇಳಿದಳು. ಬಂಡೆಗಳು ತಿರುಗಿ ಹೇಳಿದವು.

ಬಿಸಿಲು ನೆತ್ತಿಗೆ ಬರುವ ಮುನ್ನ ಮೂಗಿನ ಬಂಡೆಯ ಆಚೆ ಎಂಜಿನ್ನುಗಳ ಸದ್ದು ಕೇಳಿಸಿತು. ಮೊದಲ ದೋಣಿಯಲ್ಲಿ ಮೇಬಲ್ ಪಾತ್ರೆಗಳನ್ನು ಪೇರಿಸಿಕೊಂಡು ಕೂತಿದ್ದಳು. ಅದರ ಹಿಂದೆ ರೋಸಲೀ, ಅವಳ ಮಡಿಲಲ್ಲಿ ಕೆಂಪು ಕಂಬಳಿಯಲ್ಲಿ ಸುತ್ತಿದ ನಾಸಾಯಿಸ್. ಅವರ ಹಿಂದೆ ತೇಲಬಲ್ಲದ್ದೆಲ್ಲ. ಏಳು ವರ್ಷದಿಂದ ಯಾರೂ ತಿರುಗದ ತಿರುವನ್ನು ಊರಿಗೆ ಊರೇ ತಿರುಗಿ ಬರುತ್ತಿತ್ತು. ಅಜ್ಜಿ ದೋಣಿಯಲ್ಲಿ ಎದ್ದು ನಿಂತಿದ್ದಳು. ಬೀಳಬಹುದೆಂದು ನಾನು ಅವಳ ಕೋಟಿನ ತುದಿ ಹಿಡಿದುಕೊಂಡಿದ್ದೆ.

ಕ್ಲಾರೆನ್ಸ್ ತಾತ ಎರಡೂ ಕೈ ಎತ್ತಿ, ಟೋಪಿ ಬೀಸುತ್ತ, ಮುಖ ಕೆಂಪಾಗುವಂತೆ ಕೂಗುತ್ತಿದ್ದ:

"ಎಂಜಿನ್ ಆರಿಸ್ರೋ! ಹುಟ್ಟು ಹಾಕ್ಕೊಂಡು ಮೆತ್ತಗೆ ಬನ್ನಿ! ರಾಜಕುಮಾರರು ಮಲಗಿದ್ದಾರೆ!"